ನಕಲಿ ಕಾರಿನ ಅಸಲಿ ಸುಖದುಃಖ



ನಿಮ್ಮಲ್ಲಿ ಕೆಲವರ ಮನೆಯಲ್ಲಾದರೂ ಒಂದು ಗ್ರಾಂ ಚಿನ್ನದ ಸರ ಇದ್ದೀತು. ಮದುವೆಮನೆಯಲ್ಲಿ ಯಾರಾದರೂ ಹತ್ತಿರ ಬಂದು, ಅದನ್ನು ಬೆರಳಲ್ಲಿ ಎತ್ತಿ ನೋಡಿ, "ಎಷ್ಟು ತೊಲೆಯದ್ದು?" ಎಂದು ಕೇಳುತ್ತಾರೆ. ಆ ಕ್ಷಣದಲ್ಲಿ ನೀವು ಏನು ಉತ್ತರ ಕೊಡುತ್ತೀರಿ? ನನ್ನ ಇವತ್ತಿನ ಮಾತು ಅದರ ಬಗ್ಗೆಯೇ. ಆದರೆ ಸರದ ಕಥೆಯಲ್ಲ, ಕಾರಿನ ಕಥೆ. ಹೆಸರಾಂತ ಸ್ಪೋರ್ಟ್ಸ್ ಕಾರೊಂದರ ನಕಲನ್ನು ನಾನು ಏಳೆಂಟು ವರ್ಷ ಸಾಕಿದ್ದೆ. 'ಸಾಕಿದ್ದೆ' ಎಂದು ಬೇಕೆಂದೇ ಹೇಳಿದೆ. ಏಕೆಂದರೆ ಆ ಕಾರಿನ ಹೆಸರು ಕೋಬ್ರಾ.

ಮೊದಲು ಅಸಲಿಯ ಕಥೆ ಕೇಳಿ. ಕ್ಯಾರೊಲ್ ಶೆಲ್ಬಿ ಎಂಬುವರು ಅಮೆರಿಕದ ಟೆಕ್ಸಾಸಿನವರು. ಒಂದು ಕಾಲಕ್ಕೆ ಕೋಳಿ ಸಾಕಣೆ ಮಾಡಿದವರು. ಆಮೇಲೆ ರೇಸಿಗೆ ಇಳಿದು, 1959ರಲ್ಲಿ ಫ್ರಾನ್ಸಿನ ಲೆ ಮಾನ್ ಊರಿನ 24 ಗಂಟೆಗಳ ಓಟವನ್ನು ಗೆದ್ದರು. ಹೃದಯದ ತೊಂದರೆಯಿಂದ ರೇಸು ಬಿಡಬೇಕಾಯಿತು. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಎ.ಸಿ. ಎಂಬ ಸಣ್ಣ ಕಂಪನಿ ಏಸ್ ಎಂಬ ಹಗುರವಾದ ಕಾರು ಮಾಡುತ್ತಿತ್ತು. ಅದಕ್ಕೆ ಎಂಜಿನ್ ಕೊಡುತ್ತಿದ್ದ ಕಂಪನಿ ಎಂಜಿನ್ ತಯಾರಿಕೆಯನ್ನೇ ನಿಲ್ಲಿಸಿತು. ಇದನ್ನು ತಿಳಿದ ಶೆಲ್ಬಿ, "ನಿಮ್ಮ ಕಾರಿಗೆ ಅಮೆರಿಕದ ದೊಡ್ಡ ಎಂಜಿನ್ ಕೂರಿಸೋಣವೇ?" ಎಂದು ಎ.ಸಿ.ಗೆ ಪತ್ರ ಬರೆದರು. ಫೋರ್ಡ್ ಕಂಪನಿ ತನ್ನ ವಿ-8 ಎಂಜಿನ್ ಕೊಡಲು ಒಪ್ಪಿತು. 1962ರಲ್ಲಿ ಕೋಬ್ರಾ ಹುಟ್ಟಿತು. 4.2 ಲೀಟರಿನಿಂದ ಶುರುವಾದ ಎಂಜಿನ್ 1965ರ ಹೊತ್ತಿಗೆ 7 ಲೀಟರಿನದ್ದಾಯಿತು. ನಮ್ಮ ಮಾರುತಿ 800 ಗಾಡಿಯ ಎಂಜಿನ್ ಒಂದು ಲೀಟರೂ ಇರಲಿಲ್ಲ ಎಂಬುದನ್ನು ನೆನಪು ಮಾಡಿಕೊಳ್ಳಿ.

ಆಗ ತಯಾರಾದದ್ದು ಹೆಚ್ಚುಕಡಿಮೆ ಒಂದು ಸಾವಿರ ಕಾರುಗಳು, ಅಷ್ಟೇ. ಇವುಗಳಲ್ಲಿ ಮೊಟ್ಟಮೊದಲನೆಯದು 2016ರಲ್ಲಿ ಅಮೆರಿಕದ ಹರಾಜಿನಲ್ಲಿ ಒಂದು ಕೋಟಿ ಮೂವತ್ತೇಳೂವರೆ ಲಕ್ಷ ಡಾಲರಿಗೆ ಹೋಯಿತು. ಅಂದರೆ ಅಸಲಿ ಕೋಬ್ರಾ ನನ್ನಂಥವನ ಪಾಲಿಗೆ ಪಟದಲ್ಲಿ ನೋಡುವ ವಸ್ತು. ನೋಡಿ ಸುಮ್ಮನಿರಲಾಗದವರು ಅದರ ನಕಲು ಮಾಡಿದರು. ಇವತ್ತು ಜಗತ್ತಿನಲ್ಲಿ ಅಸಲಿ ಕೋಬ್ರಾಗಳಿಗಿಂತ ನಕಲಿ ಕೋಬ್ರಾಗಳೇ ಎಷ್ಟೋ ಪಟ್ಟು ಹೆಚ್ಚು.

ಇಂಗ್ಲೆಂಡಿನಲ್ಲಿ ಈ ಹುಚ್ಚಿಗೆ ಒಂದು ಹಿನ್ನೆಲೆಯೂ ಇದೆ. ಅಲ್ಲಿ ಹಿಂದೆ ಸಿದ್ಧ ಕಾರು ಕೊಂಡರೆ ಖರೀದಿ ತೆರಿಗೆ ಕಟ್ಟಬೇಕಿತ್ತು. ಬಿಡಿ ಭಾಗಗಳನ್ನು ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಆ ತೆರಿಗೆ ಇರಲಿಲ್ಲ. 1973ರಲ್ಲಿ ವ್ಯಾಟ್ ಬಂದು ಆ ಅನುಕೂಲ ಹೋಯಿತು. ಅಭ್ಯಾಸ ಮಾತ್ರ ಉಳಿಯಿತು. ಶನಿವಾರ ಭಾನುವಾರ ಗ್ಯಾರೇಜಿನ ಬಾಗಿಲು ಹಾಕಿಕೊಂಡು ಕಾರು ಕಟ್ಟುವ ಮಂದಿ ಅಲ್ಲಿ ಇಂದಿಗೂ ಇದ್ದಾರೆ.

2003ರಲ್ಲಿ ನಾನು ಕೆಲಸದ ಮೇಲೆ ಕೊವೆಂಟ್ರಿಯಲ್ಲಿದ್ದೆ. ಅಲ್ಲಿ ಅಂಥ ಒಬ್ಬರು ತಮ್ಮ ಕೋಬ್ರಾ ಮಾರಾಟಕ್ಕಿಟ್ಟಿದ್ದರು. ನಿವೃತ್ತ ಫಿಟ್ಟರ್, ನಾಲ್ಕು ವರ್ಷ ಕೂತು ತಾವೇ ಕಟ್ಟಿದ ಕಾರು. ಬೆಲೆ ಹನ್ನೆರಡು ಸಾವಿರ ಪೌಂಡು, ಆಗಿನ ಲೆಕ್ಕದಲ್ಲಿ ಸುಮಾರು ಒಂಬತ್ತು ಲಕ್ಷ ರೂಪಾಯಿ. ಕಡುನೀಲಿ ಬಣ್ಣ, ಮೈಮೇಲೆ ಎರಡು ಬಿಳಿ ಪಟ್ಟೆ. ಹೆಂಡತಿ ಬೇಡವೆಂದಳು. ನಾನು ಕೊಂಡೆ. ಕಾರಿನ ಜೊತೆಗೆ ಅವರು ಒಂದು ಹಳೆಯ ನೋಟ್‌ಪುಸ್ತಕವನ್ನೂ ಕೊಟ್ಟರು. "ಕಾರು ಕಳೆದರೂ ಚಿಂತೆಯಿಲ್ಲ, ಇದನ್ನು ಕಳೆಯಬೇಡಿ" ಎಂದರು. ತಮಾಷೆ ಎಂದುಕೊಂಡೆ. ಅಲ್ಲ ಎಂದು ಒಂದೇ ತಿಂಗಳಲ್ಲಿ ತಿಳಿಯಿತು.

ಈಗ ಕಷ್ಟಗಳ ಪಟ್ಟಿ. ಮೊದಲನೆಯದು, ನಕಲಿ ಕಾರಿಗೆ ಒಬ್ಬ ತಾಯಿತಂದೆ ಎಂಬುದಿಲ್ಲ. ನನ್ನ ಕೋಬ್ರಾದ ಎಂಜಿನ್ ಮತ್ತು ಗೇರ್‌ಬಾಕ್ಸ್ ಹಳೆಯ ರೋವರ್ ಕಾರಿನದು, ಹಿಂದಿನ ಆಕ್ಸಲ್ ಜಾಗ್ವಾರಿನದು, ವೈಪರ್ ಮೋಟಾರು ಮಿನಿ ಕಾರಿನದು. ಬಿಡಿಭಾಗದ ಅಂಗಡಿಗೆ ಹೋಗಿ "ಕೋಬ್ರಾಗೆ ಬ್ರೇಕ್ ಪ್ಯಾಡ್ ಕೊಡಿ" ಎಂದರೆ ಅಂಗಡಿಯವ ನಗುತ್ತಾನೆ. ಯಾವ ಕಾರಿನ, ಯಾವ ವರ್ಷದ ಭಾಗ ಎಂದು ಹೇಳಬೇಕು. ಅದೆಲ್ಲ ಇದ್ದದ್ದು ಆ ನೋಟ್‌ಪುಸ್ತಕದಲ್ಲಿ. ಆ ಹಳೆಯ ಜಾಗ್ವಾರ್ ಆಕ್ಸಲಿನಲ್ಲಿ ಬ್ರೇಕು ಚಕ್ರದ ಬಳಿ ಇರುವುದಿಲ್ಲ, ನಡುವೆ ಡಿಫರೆನ್ಷಿಯಲ್ ಪಕ್ಕದಲ್ಲಿರುತ್ತದೆ. ಬೇರೆ ಕಾರಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ನಾನು ಭಾನುವಾರವಿಡೀ ಗಾಡಿಯ ಕೆಳಗೆ ಅಂಗಾತ ಮಲಗಿರುತ್ತಿದ್ದೆ.

ಎರಡನೆಯದು ಕರೆಂಟಿನ ಕಾಟ. ಅಸಲಿ ಕೋಬ್ರಾದ ಮೈ ಅಲ್ಯೂಮಿನಿಯಂ. ನಕಲಿಗಳದ್ದು ಸಾಮಾನ್ಯವಾಗಿ ಫೈಬರ್‌ಗ್ಲಾಸ್. ಮಾಮೂಲಿ ಕಾರಿನಲ್ಲಿ ಬ್ಯಾಟರಿಯಿಂದ ಹೋದ ಕರೆಂಟು ಲೋಹದ ಮೈಯ ಮೂಲಕವೇ ವಾಪಸು ಬರುತ್ತದೆ. ಫೈಬರ್‌ಗ್ಲಾಸಿನಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ಪ್ರತಿಯೊಂದು ದೀಪಕ್ಕೂ ಅರ್ಥಿಂಗಿನ ತಂತಿಯನ್ನು ಬೇರೆಯಾಗಿ ಎಳೆಯಬೇಕು. ಅದರಲ್ಲಿ ಒಂದು ಸಡಿಲವಾದರೂ ಭೂತಚೇಷ್ಟೆ ಶುರು. ಎಡಕ್ಕೆ ಸಿಗ್ನಲ್ ಹಾಕಿದರೆ ಬ್ರೇಕ್ ದೀಪ ಮಿಣುಕುತ್ತಿತ್ತು.

ಮೂರನೆಯದು ಮಳೆ ಮತ್ತು ಬಿಸಿ. ತಲೆಯ ಮೇಲೆ ಕ್ಯಾನ್ವಾಸಿನ ಹೊದಿಕೆ. ಅದನ್ನು ಕಟ್ಟಿ ಮುಗಿಸುವಷ್ಟರಲ್ಲಿ ಇಂಗ್ಲೆಂಡಿನ ಮಳೆ ಬಂದು ಹೋಗಿರುತ್ತದೆ. ಕೆಳಗೆ ಎಂಜಿನ್ನಿನ ಬಿಸಿಗೆ ಕಾಲು ಬೇಯುತ್ತದೆ. ಹೊಗೆ ಕೊಳವೆಗಳು ಬಾಗಿಲ ಕೆಳಗೆ, ಕಾರಿನ ಎರಡೂ ಪಕ್ಕದಲ್ಲಿ ಹಾದುಹೋಗುತ್ತವೆ. ಇಳಿಯುವಾಗ ಎಚ್ಚರ ತಪ್ಪಿದರೆ ಮೀನಖಂಡ ಸುಟ್ಟಿತೆಂದೇ ಲೆಕ್ಕ. ಕೋಬ್ರಾ ಇಟ್ಟುಕೊಂಡವರು ಇದಕ್ಕೆ 'ಹಾವು ಕಚ್ಚುವುದು' ಎನ್ನುತ್ತಾರೆ. ಏರ್‌ಬ್ಯಾಗ್ ಇಲ್ಲ, ಎ.ಬಿ.ಎಸ್. ಇಲ್ಲ. ಲೀಟರಿಗೆ ಏಳು ಕಿಲೋಮೀಟರ್ ಬಂದರೆ ಪುಣ್ಯ.

ಇನ್ನೂ ಒಂದಿದೆ. ಹೀಗೆ ಹಲವು ಗಾಡಿಗಳಿಂದ ಕೂಡಿಸಿದ, ವಯಸ್ಸು ಗೊತ್ತಾಗದ ಕಾರಿಗೆ ಇಂಗ್ಲೆಂಡಿನಲ್ಲಿ 'ಕ್ಯೂ' ಅಕ್ಷರದಿಂದ ಶುರುವಾಗುವ ನಂಬರು ಕೊಡುತ್ತಾರೆ. ಅದನ್ನು ತೆಗೆದು ಬೇರೆ ಚಂದದ ನಂಬರು ಹಾಕಿಸಿಕೊಳ್ಳುವ ಹಾಗಿಲ್ಲ. ಕುಲಗೋತ್ರ ತಿಳಿಯದ ಗಾಡಿ ಎಂದು ಸರ್ಕಾರವೇ ಹಣೆಗೆ ಬರೆದ ಹಾಗೆ. ಬಲ್ಲವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಇಷ್ಟು ಕಷ್ಟಗಳನ್ನೂ ನಾನು ನಗುನಗುತ್ತಾ ಸಹಿಸಿಕೊಂಡೆ. ಸಹಿಸಲಾಗದ್ದು ಬೇರೆ ಇತ್ತು. ಅದು ನಾನೇ ಮಾಡಿಕೊಂಡದ್ದು.

ನಮ್ಮ ಅಪ್ಪಯ್ಯ ಉಡುಪಿ ಕಡೆಯಿಂದ ಹುಡುಗನಾಗಿ ಮುಂಬಯಿಗೆ ಬಂದವರು. ಲೋಟ ತೊಳೆಯುವುದರಿಂದ ಶುರುಮಾಡಿ, ಕೊನೆಗೆ ಮಾಟುಂಗದ ಒಂದು ಸಣ್ಣ ಹೋಟೆಲಿನಲ್ಲಿ ಅರ್ಧ ಪಾಲುದಾರರಾದವರು. ಕಾರಿನ ಪಕ್ಕ ನಿಂತ ಫೋಟೋ ಒಂದನ್ನು ನಾನು ಅವರಿಗೆ ಕಳಿಸಿದೆ. ಹಿಂದುಗಡೆ 'ನನ್ನ ಹೊಸ ಕಾರು, ಕೋಬ್ರಾ' ಎಂದು ಬರೆದೆ. 'ನಕಲು' ಎಂಬ ಒಂದು ಪದ ಬರೆಯಲಿಲ್ಲ. ಅವರಿಗೆ ಇದೆಲ್ಲ ಏಕೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಬರೆಯಲು ಮನಸ್ಸಾಗಲಿಲ್ಲ.

ಅಪ್ಪಯ್ಯ ಆ ಫೋಟೋಕ್ಕೆ ಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಹಿಂದೆ ತೂಗುಹಾಕಿದರು. ದಾದರಿನ ಪಾರ್ಸಿ ಕಾಲೊನಿಯಿಂದ ದಿನವೂ ಕಾಫಿಗೆ ಬರುವ ಹಿರಿಯರೊಬ್ಬರು ಅದನ್ನು ನೋಡಿದರಂತೆ. ಪಾರ್ಸಿಗಳಿಗೆ ಹಳೆಯ ಕಾರೆಂದರೆ ಪ್ರಾಣ ಎಂಬುದು ನಿಮಗೆ ಗೊತ್ತೇ ಇದೆ. "ಇದು ಲೋಕದಲ್ಲಿ ಸಾವಿರವೇ ಇರುವ ಕಾರು, ಕೋಟಿ ಬಾಳುತ್ತದೆ, ನಿಮ್ಮ ಮಗ ದೊಡ್ಡ ಮನುಷ್ಯ" ಎಂದುಬಿಟ್ಟರು. ಅಪ್ಪಯ್ಯ ನಂಬಿದರು. ಏಕೆ ನಂಬಬಾರದು?

ಒಂದು ಭಾನುವಾರ ಫೋನು ಬಂತು. "ನಮ್ಮ ಪಾಲುದಾರರು ಊರಿಗೆ ಹೋಗುತ್ತಾರಂತೆ. ಅವರ ಪಾಲು ಹದಿನೆಂಟು ಲಕ್ಷಕ್ಕೆ ಬಿಟ್ಟುಕೊಡುತ್ತಾರೆ. ನಾನು ಎರಡು ಲಕ್ಷ ಮುಂಗಡ ಕೊಟ್ಟಾಗಿದೆ. ಉಳಿದದ್ದು ನಿನ್ನಿಂದ ಆಗುತ್ತದಲ್ಲ ಮಗಾ? ನೀನೀಗ ಕೋಟಿ ಬೆಲೆಯ ಕಾರಿನಲ್ಲಿ ಓಡಾಡುವವ." ನನ್ನ ಕೈಯಲ್ಲಿ ಅಷ್ಟು ಹಣ ಇರಲಿಲ್ಲ. ಇದ್ದ ಉಳಿತಾಯವನ್ನೆಲ್ಲ ಕಾರಿಗೆ ಹಾಕಿದ್ದೆ. ಎಲ್ಲವನ್ನೂ ಹೇಳಿದೆ. ಆ ತುದಿಯಲ್ಲಿ ತುಂಬಾ ಹೊತ್ತು ಮಾತೇ ಬರಲಿಲ್ಲ. ಹೋಟೆಲಿನ ತಟ್ಟೆಲೋಟಗಳ ಸದ್ದು ಮಾತ್ರ ಕೇಳುತ್ತಿತ್ತು.

ಆ ಪಾಲು ಬೇರೆಯವರ ಕೈಗೆ ಹೋಯಿತು. ಎರಡು ಲಕ್ಷದಲ್ಲಿ ಒಂದು ಲಕ್ಷ ವಾಪಸು ಬಂತು. "ಕಾರು ಮಾರಿ ಹಣ ಕಳಿಸುತ್ತೇನೆ" ಎಂದೆ. ಅಪ್ಪಯ್ಯ, "ಬೇಡ. ಸುಳ್ಳು ಹೇಳಿದ್ದು ಕಾರಲ್ಲವಲ್ಲ" ಎಂದರು. ಅಷ್ಟೇ. ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ. ಹೋದ ಆ ಒಂದು ಲಕ್ಷವನ್ನು ನಾನು ಕಂತಿನಲ್ಲಿ ತೀರಿಸಿದೆ. ಅದನ್ನೂ ಕಾರಿನ ಖರ್ಚಿಗೇ ಸೇರಿಸಿಕೊಳ್ಳಿ.

ಮುಂದೆ 2006ರ ಬೇಸಿಗೆಯಲ್ಲಿ ಅವರು ಕೊವೆಂಟ್ರಿಗೆ ಬಂದರು. ಕಾರು ತೋರಿಸಲು ನನಗೆ ನಾಚಿಕೆ. ಅವರೇ ಕೇಳಿ ಹತ್ತಿದರು. ಪಂಚೆ ಉಟ್ಟು, ತಲೆಗೆ ಮಫ್ಲರ್ ಸುತ್ತಿ ಕೂತರು. ಹಳ್ಳಿಯ ರಸ್ತೆಯಲ್ಲಿ ಗಂಟೆಗೆ ಎಂಬತ್ತು ಕಿಲೋಮೀಟರ್ ದಾಟುತ್ತಲೇ ವಿ-8 ಎಂಜಿನ್ ಗುಡುಗತೊಡಗಿತು. ಅಪ್ಪಯ್ಯ ಮಕ್ಕಳ ಹಾಗೆ ನಗಲು ಶುರುಮಾಡಿದರು. ಅವರು ಹಾಗೆ ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಇಳಿಯುವಾಗ ಕಾಲು ಕೊಳವೆಗೆ ತಾಗಿ ಚುರ್ ಎಂದಿತು. "ಹಾವು ನಕಲಿಯಾದರೂ ಕಚ್ಚುವುದು ಅಸಲೇ ಮಾರಾಯ!" ಎಂದರು.

ಅಷ್ಟರಲ್ಲಿ ಇಂಗ್ಲಿಷರವರೊಬ್ಬರು ಬಂದು, ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದರು: "ಇದು ಅಸಲಿಯೇ?" ನಾನು ಬಾಯಿ ತೆರೆಯುವ ಮೊದಲೇ ಅಪ್ಪಯ್ಯ ತಮ್ಮ ಹೋಟೆಲ್ ಇಂಗ್ಲಿಷಿನಲ್ಲಿ, "ನೋ ನೋ, ಡೂಪ್ಲಿಕೇಟ್! ಬಟ್ ಫಸ್ಟ್ ಕ್ಲಾಸ್!" ಎಂದರು. ಆ ಮನುಷ್ಯ ಜೋರಾಗಿ ನಕ್ಕು, "ಹಾಗಾದರೆ ಬಾನೆಟ್ ತೆಗೆಯಿರಿ, ಯಾವ ಎಂಜಿನ್ ನೋಡೋಣ" ಎಂದರು. ಅರ್ಧ ಗಂಟೆ ಮಾತಾಡಿದೆವು. ಅವರಿಗೂ ರೋವರ್ ಎಂಜಿನ್ನಿನ ಪರಿಚಯವಿತ್ತು. ಅರ್ಥಿಂಗ್ ತಂತಿಗಳನ್ನೆಲ್ಲ ಒಂದೇ ದಪ್ಪ ತಾಮ್ರದ ಪಟ್ಟಿಗೆ ತಂದು ಕಟ್ಟಿ ಎಂದು ಹೇಳಿಕೊಟ್ಟವರು ಅವರೇ. ನನ್ನ ಬ್ರೇಕ್ ದೀಪದ ಭೂತ ಬಿಟ್ಟದ್ದು ಹಾಗೆ.

ನಕಲಿ ಕಾರಿನ ಸುಖ ನನಗೆ ಶುರುವಾದದ್ದು ಆ ದಿನದಿಂದ. ಅದು ಎಂಥ ಸುಖ ಎನ್ನುತ್ತೀರಾ? ಕೋಟಿ ಬೆಲೆಯ ಅಸಲಿಯನ್ನು ಇಟ್ಟುಕೊಂಡವರು ಎಷ್ಟೋ ಜನ ಅದನ್ನು ಬಟ್ಟೆ ಹೊದಿಸಿ ಬೀಗ ಹಾಕಿಡುತ್ತಾರೆ. ನಾನು ಅಂಗಡಿಗೆ, ತರಕಾರಿಗೆ ಅದರಲ್ಲೇ ಹೋಗುತ್ತಿದ್ದೆ. ಗೀರು ಬಿದ್ದರೆ ನಾನೇ ತಿಕ್ಕಿ ಬಣ್ಣ ಹಚ್ಚುತ್ತಿದ್ದೆ. ಅದರ ಒಂದೊಂದು ಬೋಲ್ಟೂ ನನಗೆ ಗೊತ್ತಿತ್ತು. ದಾರಿಯಲ್ಲಿ ಮಕ್ಕಳು ಕೈಬೀಸುತ್ತಿದ್ದವು. ಅಸಲಿಯೋ ನಕಲಿಯೋ ಎಂದು ಮಕ್ಕಳು ಕೇಳುವುದಿಲ್ಲ. ನನ್ನ ನೆರೆಯವರು ಎರಡು ವರ್ಷ ನನ್ನ ಜೊತೆ ಹವೆಯ ವಿಚಾರ ಬಿಟ್ಟು ಬೇರೆ ಮಾತಾಡಿರಲಿಲ್ಲ. ಅವರೂ ಸ್ಪ್ಯಾನರ್ ಹಿಡಿದು ಬರತೊಡಗಿದರು.

2011ರಲ್ಲಿ ಮುಂಬಯಿಗೆ ಮರಳುವಾಗ ಕಾರನ್ನು ಒಬ್ಬ ಯುವಕನಿಗೆ ಮಾರಿದೆ. ಅದರ ದೋಷಗಳನ್ನೆಲ್ಲ ಮೊದಲು ಹೇಳಿ, ಆಮೇಲೆ ಬೆಲೆ ಹೇಳಿದೆ. ನೋಟ್‌ಪುಸ್ತಕವನ್ನೂ ಕೊಟ್ಟೆ. ಅದರಲ್ಲಿ ಈಗ ಇಪ್ಪತ್ತು ಪುಟ ನನ್ನ ಕೈಬರಹ.

ಇದನ್ನು ಕೇಳಿ ನಿಮ್ಮ ಮನೆಯ ಹುಡುಗರಿಗೂ ಆಸೆ ಹುಟ್ಟಬಹುದು. ಅವರಿಗೆ ಒಂದು ಎಚ್ಚರಿಕೆ. ಹಳೆಯ ಕಾರೊಂದರ ಮೈ ತೆಗೆದು ಮೇಲೆ ಫೆರಾರಿಯ ವೇಷ ತೊಡಿಸಿ ಕೊಡುವವರು ನಮ್ಮ ದೇಶದಲ್ಲೂ ಇದ್ದಾರೆ. ಇಂಗ್ಲೆಂಡಿನಲ್ಲಿ ಮನೆಯಲ್ಲಿ ಕಟ್ಟಿದ ಕಾರನ್ನು ಸರ್ಕಾರವೇ ಪರೀಕ್ಷಿಸಿ ರಸ್ತೆಗೆ ಬಿಡುವ ವ್ಯವಸ್ಥೆ ಇದೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಇಂಥ ಒಂದೊಂದು ಬದಲಾವಣೆಗೂ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ. ಹಾಗಾಗಿ ಹಣ ಕೊಡುವ ಮುಂಚೆ ಆರ್.ಸಿ. ಪುಸ್ತಕ ನೋಡಿ, ಅದರಲ್ಲಿರುವ ಕಾರೂ ಕಣ್ಣೆದುರಿನ ಕಾರೂ ಒಂದೇ ಹೌದೇ ಎಂದು ಕೇಳಿ.

ಅಪ್ಪಯ್ಯ ಈಗಿಲ್ಲ. ಹೋಟೆಲೂ ಕೈಬದಲಾಗಿದೆ. ಆ ಫೋಟೋ ನನ್ನ ಮನೆಯಲ್ಲಿದೆ. ಕಟ್ಟು ಬದಲಿಸಲು ಬಿಚ್ಚಿದಾಗ ಹಿಂಬದಿ ನೋಡಿದೆ. 'ನನ್ನ ಹೊಸ ಕಾರು, ಕೋಬ್ರಾ' ಎಂಬ ನನ್ನ ಬರಹದ ಕೆಳಗೆ ಅವರ ಕೈಬರಹದಲ್ಲಿ ಒಂದು ಪದ ಇತ್ತು: 'ಡೂಪ್ಲಿಕೇಟ್.' ಪಕ್ಕದಲ್ಲಿ, ಹೋಟೆಲಿನ ಲೆಕ್ಕದ ಪುಸ್ತಕದಲ್ಲಿ ಹಾಕುತ್ತಿದ್ದಂಥ ಸರಿಗುರುತು.

ಮುಂದಿನ ಮದುವೆಯಲ್ಲಿ ಯಾರಾದರೂ ನಿಮ್ಮ ಸರ ಹಿಡಿದು "ಎಷ್ಟು ತೊಲೆ?" ಎಂದು ಕೇಳಿದರೆ, ನಗುತ್ತಾ ಇದ್ದದ್ದು ಹೇಳಿಬಿಡಿ. ಆಮೇಲಿನ ಊಟ ಹೆಚ್ಚು ರುಚಿಸುತ್ತದೆ.