ದಿಮ್ಮಿ ಮಾರಿದ ಎರಡು ದೇಶಗಳು



ಕರಾವಳಿ ಮತ್ತು ಮಲೆನಾಡಿನವರಿಗೆ ಸಾಲುಧೂಪದ ಮರ ಪರಿಚಿತ. ಅದರ ಕುಟುಂಬಕ್ಕೇ ಸೇರಿದ ಮೆರಾಂತಿ, ಕೆರುಯಿಂಗ್, ಕಾಪುರ್ ಮೊದಲಾದ ಗಟ್ಟಿಮರಗಳು ಬೋರ್ನಿಯೊ ದ್ವೀಪದ ಕಾಡಿನ ಸಂಪತ್ತು. ಈ ದ್ವೀಪದ ದಕ್ಷಿಣದ ದೊಡ್ಡ ಭಾಗ ಇಂಡೋನೇಷ್ಯಕ್ಕೂ ಉತ್ತರದ ಸರವಾಕ್ ಮತ್ತು ಸಬಾ ರಾಜ್ಯಗಳು ಮಲೇಷ್ಯಕ್ಕೂ ಸೇರಿವೆ. ಕಾಡು ಒಂದೇ ಬಗೆಯದು. ಕೊಳ್ಳುವವರಲ್ಲಿಯೂ ಜಪಾನೇ ಮುಖ್ಯವಾಗಿತ್ತು. ಆದರೂ ಈ ಎರಡು ದೇಶಗಳು ಹಿಡಿದ ದಾರಿ ಬೇರೆ ಬೇರೆ.

ಇಂಡೋನೇಷ್ಯವು 1967ರಲ್ಲಿ ವಿದೇಶೀ ಬಂಡವಾಳಕ್ಕೆ ಬಾಗಿಲು ತೆರೆಯಿತು. ಹತ್ತೇ ವರ್ಷಗಳಲ್ಲಿ ಅದು ಜಗತ್ತಿನ ಅತಿ ದೊಡ್ಡ ಉಷ್ಣವಲಯದ ದಿಮ್ಮಿ ರಫ್ತುದಾರ ದೇಶವಾಯಿತು. 1978ರ ಸುಮಾರಿಗೆ ವರ್ಷಕ್ಕೆ 2 ಕೋಟಿ ಘನಮೀಟರಿನಷ್ಟು ದಿಮ್ಮಿ ಹಡಗು ಏರುತ್ತಿತ್ತು. ಅದನ್ನು ಸೀಳಿ, ಪ್ಲೈವುಡ್ ಮಾಡಿ ಲಾಭ ಪಡೆದವರು ಜಪಾನ್, ಕೊರಿಯ, ತೈವಾನಿನ ಗಿರಣಿಗಳವರು. ಇದನ್ನು ಮನಗಂಡ ಸರ್ಕಾರ 1980ರಿಂದ ರಫ್ತನ್ನು ಹಂತಹಂತವಾಗಿ ಇಳಿಸಿ 1985ರಲ್ಲಿ ಪೂರ್ತಿ ನಿಲ್ಲಿಸಿತು. ಕಾಡಿನ ಗುತ್ತಿಗೆ ಬೇಕಾದವರು ಗಿರಣಿ ಕಟ್ಟಬೇಕಾಯಿತು. ಆ ದಶಕ ಮುಗಿಯುವುದರೊಳಗೆ ನೂರಕ್ಕೂ ಹೆಚ್ಚು ಪ್ಲೈವುಡ್ ಗಿರಣಿಗಳು ಎದ್ದು, ಪ್ಲೈವುಡ್ ರಫ್ತಿನಲ್ಲಿ ಆ ದೇಶವೇ ಮೊದಲ ಸ್ಥಾನಕ್ಕೆ ಬಂದಿತು.

ಇಷ್ಟಕ್ಕೇ ಕಥೆ ಮುಗಿಯಲಿಲ್ಲ. ಹೊರಗಿನ ಗಿರಾಕಿ ಇಲ್ಲದೆ ಒಳಗಿನ ದಿಮ್ಮಿಯ ಬೆಲೆ ಕುಸಿಯಿತು. ಕೊಳ್ಳುವವನು ಒಬ್ಬನೇ ಆದಾಗ ಬೆಲೆ ಏನಾಗುತ್ತದೆಂದು ಕಬ್ಬು ಬೆಳೆಯುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಗ್ಗದ ಮಾಲಿನ ಬಗ್ಗೆ ಗಿರಣಿಗೂ ಅಕ್ಕರೆ ಇರಲಿಲ್ಲ. ಎರಡು ಘನಮೀಟರು ದಿಮ್ಮಿಯಿಂದ ಹೊರಬರುತ್ತಿದ್ದುದು ಸುಮಾರು ಒಂದು ಘನಮೀಟರು ಪ್ಲೈವುಡ್. ಗಿರಣಿಗಳ ಹಸಿವು ಕಾಡಿನ ಶಕ್ತಿಯನ್ನು ಮೀರಿದ್ದರಿಂದ ಕಡಿತವೂ ನಿಲ್ಲಲಿಲ್ಲ. 1998ರ ಆರ್ಥಿಕ ಮುಗ್ಗಟ್ಟಿನಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಷರತ್ತಿನಂತೆ ನಿಷೇಧ ತೆರವಾಯಿತು, ಕಳ್ಳಸಾಗಣೆ ಹೆಚ್ಚಿತು, 2001ರಲ್ಲಿ ನಿಷೇಧ ಮರಳಿ ಬಂದಿತು.

ಮಲೇಷ್ಯದಲ್ಲಿ ಅರಣ್ಯ ರಾಜ್ಯಗಳ ಸ್ವತ್ತು. ಪರ್ಯಾಯದ್ವೀಪ ಭಾಗದಲ್ಲಿ 1985ರಲ್ಲಿ ದಿಮ್ಮಿ ರಫ್ತು ನಿಂತರೂ ಸರವಾಕ್, ಸಬಾಗಳಿಗೆ ಮರದ ರಾಯಧನ ಬೊಕ್ಕಸದ ದೊಡ್ಡ ಆಧಾರವಾಗಿತ್ತು. ಇಂಡೋನೇಷ್ಯ ಬಿಟ್ಟ ಜಪಾನಿನ ಪೇಟೆ ಇವುಗಳ ಪಾಲಾಯಿತು. 1990ರ ಸುಮಾರಿಗೆ ಸರವಾಕಿನ ಕಡಿತ ವರ್ಷಕ್ಕೆ 1.8 ಕೋಟಿ ಘನಮೀಟರು ದಾಟಿತ್ತು. ಪರಿಶೀಲನೆಗೆ ಬಂದ ಅಂತಾರಾಷ್ಟ್ರೀಯ ಉಷ್ಣವಲಯ ಮರ ಸಂಸ್ಥೆಯ ತಂಡ ಅದನ್ನು 92 ಲಕ್ಷಕ್ಕೆ ಇಳಿಸಬೇಕೆಂದು ಸೂಚಿಸಿತು. ಅದಕ್ಕೂ ಮುಂಚೆ, 1987ರಲ್ಲಿ, ಬಾರಾಂ ಕಣಿವೆಯ ಪೆನಾನ್ ಜನ ಮರಸಾಗಣೆಯ ರಸ್ತೆಗಳಿಗೆ ಅಡ್ಡ ನಿಂತಿದ್ದರು. ಕಾಡಿನ ಸಾಗೊ ತಾಳೆಯ ಹಿಟ್ಟೇ ಅವರ ಅನ್ನ. ಬುಲ್ಡೋಜರು ಹೋದಲ್ಲಿ ತಾಳೆಯೂ ಹೋಯಿತು, ಹೊಳೆಯ ನೀರೂ ಕೆಸರಾಯಿತು. ದಾರಿ ಅಡ್ಡಗಟ್ಟುವುದನ್ನೇ ಅಪರಾಧವೆಂದು ಸಾರಿ ಕಾನೂನು ತಿದ್ದಲಾಯಿತು. ಯಾವ ರಫ್ತಿನ ಲೆಕ್ಕದಲ್ಲೂ ಈ ನಷ್ಟಕ್ಕೆ ಅಂಕಣವಿಲ್ಲ. ಸಬಾ 1993ರಲ್ಲಿ ರಫ್ತು ನಿಲ್ಲಿಸಿ, ಕೆಲ ವರ್ಷಗಳಲ್ಲೇ ಸಡಿಲಿಸಿ, 2018ರಲ್ಲಿ ಮತ್ತೆ ನಿಷೇಧಿಸಿತು.

ಜಪಾನಿನ ಬೇಡಿಕೆ ಇಳಿದ ಮೇಲೆ ಸರವಾಕ್ ದಿಮ್ಮಿಯ ದೊಡ್ಡ ಗಿರಾಕಿಯಾದುದು ಭಾರತ. ನಮ್ಮ ದೇಶದ ಸ್ವಾಭಾವಿಕ ಕಾಡಿನ ಕಡಿತಕ್ಕೆ ಕಡಿವಾಣ ಬಿದ್ದಂತೆ ಕಾಂಡ್ಲಾ ಬಂದರಿನ ಮೂಲಕ ಬಂದ ದಿಮ್ಮಿಗಳೇ ಅನೇಕ ಗರಗಸ ಗಿರಣಿಗಳನ್ನು ನಡೆಸಿದವು. 2014ರಲ್ಲಿ ಮ್ಯಾನ್ಮಾರ್ ಕೂಡ ತೇಗದ ದಿಮ್ಮಿ ಕೊಡುವುದನ್ನು ನಿಲ್ಲಿಸಿದ ಮೇಲೆ ವ್ಯಾಪಾರಿಗಳು ಈಕ್ವೆಡಾರ್, ಪನಾಮಾಗಳ ತೋಟದ ತೇಗವನ್ನು ಹೆಚ್ಚಾಗಿ ತರಿಸತೊಡಗಿದರು. ಅದು ಕಾಡುಮರವಲ್ಲ, ರೈತನ ಬದುವಿನ ತೇಗದಂತೆಯೇ ನೆಟ್ಟು ಬೆಳೆಸಿದ್ದು. ಪೇಟೆಯಲ್ಲಿ ನಮ್ಮ ದಿಮ್ಮಿಯ ಪಕ್ಕದಲ್ಲಿ ಈಗ ನಿಲ್ಲುವುದು ಆ ದಿಮ್ಮಿಯೇ.