ಮುದ್ದೆಯೂ ಅಕ್ಕಡಿ ಕಾಳೂ



ರಾಗಿಮುದ್ದೆ ಉಂಡವರಿಗೆ ಸಕ್ಕರೆ ಕಾಯಿಲೆ ಬಾರದೆಂಬ ನಂಬಿಕೆ ಗುಬ್ಬಿ, ಕುಣಿಗಲ್ ಕಡೆ ಬಲವಾಗಿದೆ. ಇದು ಅರ್ಧ ಸತ್ಯ ಮಾತ್ರ.

ಉಂಡ ಬಳಿಕ ರಕ್ತದಲ್ಲಿ ಸಕ್ಕರೆ ಸುಮಾರು ಒಂದು ಗಂಟೆಯಲ್ಲಿ, ಕೊಬ್ಬು ಮೂರು-ನಾಲ್ಕು ಗಂಟೆಯಲ್ಲಿ ತುದಿ ಮುಟ್ಟುತ್ತವೆ. ಏರಿಕೆ ಅತಿಯಾದರೆ ಬಿಳಿ ರಕ್ತಕಣಗಳು ಕೆರಳಿ, ರಕ್ತನಾಳದ ಒಳಪದರದಲ್ಲಿ ಸಣ್ಣ ಉರಿಯೂತ ಉಂಟಾಗುತ್ತದೆ. ನೋವಿಲ್ಲ, ಬಾವಿಲ್ಲ, ಆದ್ದರಿಂದ ತಿಳಿಯುವುದೂ ಇಲ್ಲ. ಆರೋಗ್ಯವಂತರಲ್ಲಿ ಅದು ಬೇಗ ಶಮನವಾಗುತ್ತದೆ. ದಿನಕ್ಕೆ ಮೂರು ಹೊತ್ತು, ವರ್ಷಗಟ್ಟಲೆ ಹೀಗೇ ನಡೆದರೆ ಇನ್ಸುಲಿನ್ನಿನ ಕೆಲಸ ಕುಂದಿ, ಹೃದಯದ ರಕ್ತನಾಳಗಳು ಪೆಡಸಾಗಲು ದಾರಿಯಾಗಬಹುದು.

100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಮೂ ಇಲ್ಲ. ಆದರೆ ನುಣ್ಣಗೆ ಬೀಸಿ ಜರಡಿ ಹಿಡಿದರೆ ಹೊಟ್ಟಿನೊಡನೆ ನಾರೂ ಹೋಗುತ್ತದೆ. ಅಂಥ ಮುದ್ದೆಯನ್ನು ಬರೀ ತಿಳಿಸಾರಿನಲ್ಲಿ ನುಂಗಿದರೆ ಸಕ್ಕರೆ ಬೇಗನೆ ಏರುತ್ತದೆ.

ಹಿರಿಯರ ಊಟವೇ ಬೇರೆ. ರಾಗಿ ಹೊಲದ ಅಕ್ಕಡಿ ಸಾಲಿನ ಅವರೆ, ತೊಗರಿಗಳೇ ಸೊಪ್ಪಿನೊಡನೆ ಬಸ್ಸಾರಾಗಿ ತಟ್ಟೆಗೆ ಬರುತ್ತಿದ್ದವು. ಕಾಳಿನ ಪ್ರೋಟೀನು, ಸೊಪ್ಪಿನ ನಾರು ಸಕ್ಕರೆಯ ಏರಿಕೆಯನ್ನು ನಿಧಾನಗೊಳಿಸುತ್ತವೆ. ಬರೀ ತೆಂಗು, ಅಡಿಕೆ ಇರುವ ಮನೆಗೆ ಈಗ ಕಾಳು ಅಂಗಡಿಯಿಂದಲೇ ಬರಬೇಕು!

ಮಳೆಯಾಶ್ರಯದಲ್ಲಿ ರಾಗಿ 8 ಸಾಲಿಗೆ ತೊಗರಿ 2 ಸಾಲು, ಇಲ್ಲವೇ ಅವರೆ 1 ಸಾಲು ಬಿತ್ತಿರಿ. ಸೊಗಡವರೆಯನ್ನೆಲ್ಲ ತುಮಕೂರು ಪೇಟೆಗೆ ಸಾಗಿಸದೆ ಮನೆಗೂ ಇಟ್ಟುಕೊಳ್ಳಿ. ಹಿಟ್ಟಿಗೆ ಜರಡಿ ಬೇಡ, ಮುದ್ದೆ ಚಿಕ್ಕದಿರಲಿ. ಉಂಡೊಡನೆ ಮಲಗದೆ ಹತ್ತು-ಹದಿನೈದು ನಿಮಿಷ ನಡೆಯಿರಿ. ರಕ್ತಪರೀಕ್ಷೆಯನ್ನು ಖಾಲಿ ಹೊಟ್ಟೆಯಲ್ಲಷ್ಟೇ ಅಲ್ಲದೆ ಉಂಡ ಎರಡು ಗಂಟೆಗೂ ಮಾಡಿಸಿ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮುದ್ದೆಯನ್ನು ನಂಬಿ ಅದನ್ನು ಬಿಡಕೂಡದು.