ಪಂದ್ಯಕ್ಕೆ ಹೊರಡುವ ಮುನ್ನ



ಫುಟ್‌ಬಾಲ್ ಎಂದರೆ ಇಪ್ಪತ್ತೆರಡು ಜನರ ಆಟ ಎನ್ನುವುದು ವಾಡಿಕೆ. ಆದರೆ ಕೋಲ್ಕತ್ತಾದ ಮೋಹನ್ ಬಾಗಾನ್ ಕ್ಲಬ್ಬಿನ ಚರಿತ್ರೆಯಲ್ಲಿ, ಆಟ ನೋಡಲು ಮನೆಬಿಟ್ಟು ಹೊರಟವರಿಗೂ ಒಂದು ಅಧ್ಯಾಯವಿದೆ. ಇಂದಿನ ನನ್ನ ಮಾತು ಅವರ ಪ್ರಯಾಣದ ಕುರಿತು.

1889ರಲ್ಲಿ ಹುಟ್ಟಿದ ಈ ಕ್ಲಬ್ 1911ರ ಜುಲೈ 29ರಂದು ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಬ್ರಿಟಿಷರ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟ್ ತಂಡವನ್ನು 2–1ರಿಂದ ಮಣಿಸಿತು. ನಮ್ಮವರ ಪೈಕಿ ಹತ್ತು ಮಂದಿ ಆಡಿದ್ದು ಬರಿಗಾಲಲ್ಲಿ. ಅಂದು ಜನರನ್ನು ಕರೆತರಲು ವಿಶೇಷ ರೈಲು, ಹೆಚ್ಚುವರಿ ಸ್ಟೀಮರ್‌ಗಳು ಓಡಿದವು. ಆಟ ಕಣ್ಣಿಗೆ ಬೀಳದಷ್ಟು ದೂರ ನಿಂತವರಿಗೆ ಗಾಳಿಪಟ ಹಾರಿಸಿ ಗೋಲಿನ ಸುದ್ದಿ ಮುಟ್ಟಿಸಲಾಯಿತು.

ಈಗ ಹೋಗುವುದು ಸುಲಭ. 2025ರ ಏಪ್ರಿಲ್ 12ರಂದು ಐಎಸ್‌ಎಲ್ ಫೈನಲ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಇದೇ ಮೋಹನ್ ಬಾಗಾನ್‌ಗೆ 2–1ರಿಂದ ಸೋತದ್ದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ. ಬೆಂಗಳೂರಿನಿಂದ ಹೌರಾಕ್ಕೆ ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿಗೂ ಮೀರಿದ ಹಾದಿ. 2025ರ ಆಗಸ್ಟ್‌ನಿಂದ ಹೌರಾದಲ್ಲೇ ಮೆಟ್ರೋ ಹತ್ತಿ ನೇರ ಸಾಲ್ಟ್ ಲೇಕ್ ಕ್ರೀಡಾಂಗಣದ ನಿಲ್ದಾಣದಲ್ಲಿ ಇಳಿಯಬಹುದು. ಒಂದು ಎಚ್ಚರಿಕೆ: ಕ್ಲಬ್ಬಿನ ಸ್ವಂತ ಮೈದಾನ ಇರುವುದು ಎಸ್‌ಪ್ಲನೇಡ್ ಬಳಿಯ ಮೈದಾನ್ ಪ್ರದೇಶದಲ್ಲಿ. ಪಂದ್ಯ ಎಲ್ಲಿ ಎಂಬುದನ್ನು ಖಚಿತ ಮಾಡಿಕೊಳ್ಳದೆ ಹೊರಡಬೇಡಿ.

ದಿನಾಂಕವನ್ನೂ ಪೂರ್ತಿ ನಂಬುವಂತಿಲ್ಲ. ಈಸ್ಟ್ ಬೆಂಗಾಲ್ ಜೊತೆಗಿನ ಡರ್ಬಿಯನ್ನೇ ನೋಡಿ. 2024ರ ಆಗಸ್ಟ್ 18ರ ಡುರಾಂಡ್ ಕಪ್ ಡರ್ಬಿ ಭದ್ರತೆಯ ಕಾರಣದಿಂದ ರದ್ದಾಯಿತು. 2025ರ ಜನವರಿ 11ರ ಐಎಸ್‌ಎಲ್ ಡರ್ಬಿ, ಗಂಗಾಸಾಗರ ಮೇಳಕ್ಕೆ ಪೊಲೀಸರು ಬೇಕಾದ್ದರಿಂದ ಗುವಾಹಟಿಗೆ ವರ್ಗವಾಯಿತು. ಟಿಕೆಟ್ ಮೊದಲೇ ಕಾದಿರಿಸಿದವರ ಪಾಡೇನು? ಆದ್ದರಿಂದ ಪೊಲೀಸ್ ಅನುಮತಿಯ ಸುದ್ದಿ ಬಂದ ಮೇಲೆಯೇ ಹಣ ಕಟ್ಟುವುದು ಜಾಣತನ. ಅದು ಸಾಧ್ಯವಿಲ್ಲವಾದರೆ, ರದ್ದು ಮಾಡಿದರೆ ಹಣ ಹಿಂದಿರುಗುವಂಥ ಟಿಕೆಟ್ಟನ್ನೇ ಕೊಳ್ಳಿ.

ಇವೆಲ್ಲಕ್ಕಿಂತ ಮುಖ್ಯವಾದುದು ಮರಳುವ ದಾರಿ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇದೇ ಎರಡು ತಂಡಗಳ ಪಂದ್ಯದ ವೇಳೆ ಗ್ಯಾಲರಿಯಲ್ಲಿ ಗಲಭೆಯೆದ್ದು, ನೂಕುನುಗ್ಗಲಿನಲ್ಲಿ 16 ಅಭಿಮಾನಿಗಳು ಸತ್ತರು. ಆಟ ನೋಡಿ ರಾತ್ರಿ ಊಟಕ್ಕೆ ಬರುತ್ತೇವೆಂದು ಹೊರಟವರು ಅವರು. ಅವರ ನೆನಪಿಗೆ ಆ ದಿನ ಕೋಲ್ಕತ್ತಾದಲ್ಲಿ ರಕ್ತದಾನ ನಡೆಯುತ್ತದೆ.

ಹಾಗಾಗಿ ನಿಮ್ಮ ತಂಡದ ಅಭಿಮಾನಿಗಳಿಗೆ ಮೀಸಲಾದ ಗ್ಯಾಲರಿಯಲ್ಲೇ ಕುಳಿತುಕೊಳ್ಳಿ. ಹೊರಬಾಗಿಲು ಎಲ್ಲಿದೆಯೆಂದು ಆಟಕ್ಕೆ ಮೊದಲೇ ನೋಡಿಟ್ಟುಕೊಳ್ಳಿ. ಗುಂಪು ಚದುರಿದರೆ ಸೇರುವ ಜಾಗ ಯಾವುದೆಂದು ಮಾತಾಡಿಕೊಳ್ಳಿ. ರಾತ್ರಿ ಪಂದ್ಯವಾದರೆ ಕೊನೆಯ ಮೆಟ್ರೋ ಎಷ್ಟು ಹೊತ್ತಿಗೆಂದು ವಿಚಾರಿಸಿ. ತಂಡ ಸೋತರೆ ಮುಂದಿನ ಪಂದ್ಯವಿದೆ. ಅದನ್ನು ನೋಡಲು ನಾವು ಕ್ಷೇಮವಾಗಿ ಮನೆ ಸೇರಿರಬೇಕು, ಅಷ್ಟೇ.